ಚಮಚಕ್ಕೆ ನಲವತ್ತು ಮಂತಿ

"ಇದನ್ನ ಟರ್ಕಿಶ್ ಅಂತಾರಾ? ನಮ್ಮ ಕಡುಬಿಗೆ ಮೊಸರು ಸುರಿದ ಹಾಗಿದೆ!"

ಮೇಜಿನ ಮೇಲಿನ ತಟ್ಟೆ ನೋಡಿ ಗಾನವಿ ತನ್ನಷ್ಟಕ್ಕೇ ಗೊಣಗಿಕೊಂಡಳು. ದೋಹಾದ ಆ ದೊಡ್ಡ ಹೋಟೆಲಿನ ಬ್ಯಾಂಕ್ವೆಟ್ ಆಫೀಸಿಗೆ ಅವಳು ಸೇರಿದ್ದು ತೊಂಬತ್ತಾರರ ಚಳಿಗಾಲದಲ್ಲಿ. ಸ್ಟಾಫಿನಲ್ಲಿ ಕನ್ನಡದವರು ಯಾರೂ ಇಲ್ಲವೆಂದೇ ತಿಳಿದಿದ್ದಳು.

"ಕಡುಬಿಗೆ ಕೋಪ ಬಂದೀತು, ಮೇಡಂ," ಎಂದಿತು ಹಿಂದಿನಿಂದ ಒಂದು ದನಿ.

ತಿರುಗಿದರೆ ಬಿಳಿ ಕೋಟಿನ ಚೆಫ್. ನಗುವನ್ನು ತುಟಿಯಲ್ಲಿ ತಡೆದಿದ್ದ, ಕಣ್ಣಲ್ಲಿ ತಡೆಯಲಾಗಿರಲಿಲ್ಲ. ಹೆಸರು ಸುಪ್ರೀತ್. ಊರು ಅವಳದೇ, ಮೈಸೂರು. ಇಸ್ತಾಂಬುಲಿನಲ್ಲಿ ಕೆಲ ವರ್ಷ ಅಡುಗೆ ಮಾಡಿ ಬಂದವನು.

"ಇದು ಮಂತಿ. ಟರ್ಕಿಯ ಕೈಸೇರಿ ಊರಿನದು. ಮಡಿಸಿದ್ದು ಒಂದು ಚಮಚದಲ್ಲಿ ನಲವತ್ತು ಹಿಡಿಯುವಷ್ಟು ಚಿಕ್ಕದಿದ್ದರೆ ಮಾತ್ರ ಅಲ್ಲಿ ಹೊಸ ಸೊಸೆ ಪಾಸು."

"ನಾನು ಫೇಲ್ ಬಿಡಿ."

"ನಾನು ಕಲಿಸಿಕೊಡ್ತೀನಲ್ಲ."

ಕಲಿಸುವ ನೆಪದಲ್ಲಿ ಅವನು ಒಂದು ದೇಶವನ್ನೇ ಅವಳ ತಟ್ಟೆಗೆ ತಂದ. ಕಪ್ಪು ಸಮುದ್ರದ ಕಡೆಯ ಜೋಳದ ಬ್ರೆಡ್ಡು. ಏಜಿಯನ್ ತೀರದವರು ಆಲಿವ್ ಎಣ್ಣೆಯಲ್ಲಿ ಬೇಯಿಸಿ ತಣ್ಣಗೆ ತಿನ್ನುವ ಸೊಪ್ಪು. ಆಂತೆಪ್ ಊರಿನ ಪದರಪದರದ ಸಿಹಿ, ಪಿಸ್ತಾ ಬಕ್ಲಾವಾ.

"ಮಂತಿ ಮಾತ್ರ ತುಂಬಾ ದೂರದಿಂದ ಬಂದದ್ದು," ಎಂದ ಒಮ್ಮೆ. "ಮಧ್ಯ ಏಷ್ಯಾದ ಕುದುರೆ ಸವಾರರು ತಂದರಂತೆ. ಆಮೇಲೆ ಸುಲ್ತಾನರ ಅಡುಗೆಮನೆಗೂ ಹೋಯ್ತು. ನೀನು ಮಾಂಸ ತಿನ್ನಲ್ವಲ್ಲ, ಅದಕ್ಕೆ ಒಳಗೆ ಕಡಲೆ ಇಟ್ಟಿದ್ದೀನಿ. ಟರ್ಕಿಯಲ್ಲಿ ನಮ್ಮ ಪಕ್ಕದ ಮನೆ ಅಜ್ಜಿ ಬಡತನದಲ್ಲಿ ಹೀಗೇ ಮಾಡ್ತಿದ್ರಂತೆ."

'ನೀವು' ಹೋಗಿ 'ನೀನು' ಆದದ್ದನ್ನು ಗಾನವಿ ಗಮನಿಸಿದಳು. ಗಮನಿಸದವಳ ಹಾಗೆ ತಿಂದಳು.

ಕಡಲಂಚಿನ ಕಾರ್ನಿಷ್ ರಸ್ತೆಯ ಗಾಳಿಯಲ್ಲಿ ಒಂದು ಸಂಜೆ ಅವನೇ ಹೇಳಿದ: "ರಜಕ್ಕೆ ಹೋದಾಗ ನಿಮ್ಮಪ್ಪನ ಹತ್ರ ಮಾತಾಡ್ತೀನಿ." ಅವಳು ಸಮುದ್ರ ನೋಡುತ್ತಾ ತಲೆಯಾಡಿಸಿದಳು. ಆ ವಾರವೇ ಅಮ್ಮನಿಗೆ ಫೋನಿನಲ್ಲಿ ಅವನ ಹೆಸರು ಹೇಳಿಬಿಟ್ಟಳು.

ಮಾರ್ಚಿನಲ್ಲಿ ಹೋಟೆಲಿನಲ್ಲಿ ಟರ್ಕಿಶ್ ಆಹಾರೋತ್ಸವ ಶುರುವಾಯಿತು. ಆ ಬೆಳಿಗ್ಗೆಯಷ್ಟೇ ಟರ್ಕಿಯಿಂದ ಬಂದಿಳಿದ ಅಡುಗೆಯವರಲ್ಲಿ ನೆರ್ಮಿನ್ ಎಂಬ ಹೆಂಗಸಿದ್ದಳು, ಕೈಸೇರಿಯವಳು. ಹರಕು ಇಂಗ್ಲಿಷ್, ತುಂಬು ನಗು. ಮಂತಿ ಮಡಿಸುವುದನ್ನು ಆಸೆಯಿಂದ ನೋಡುತ್ತಿದ್ದ ಗಾನವಿಯನ್ನು ಪಕ್ಕದಲ್ಲೇ ಕೂರಿಸಿಕೊಂಡಳು.

"ಮಾಂಸ ಬೇಡವಾ? ಹಾಗಾದರೆ ಕಡಲೆ. ನಮ್ಮಜ್ಜಿ ಬಡತನದಲ್ಲಿ ಹೀಗೇ ಮಾಡುತ್ತಿದ್ದಳು. ನನ್ನ ಗಂಡನಿಗೂ ಅವಳೇ ಕಲಿಸಿದ್ದು. ಅವನು ಇಲ್ಲೇ ಚೆಫ್. ನಾನು ಬಂದದ್ದು ಅವನಿಗೆ ಗೊತ್ತಿಲ್ಲ, ಸರ್ಪ್ರೈಸ್!"

ಗಾನವಿಯ ಬೆರಳುಗಳ ನಡುವೆ ಹಿಟ್ಟಿನ ಹಾಳೆ ಹರಿದುಹೋಯಿತು.

ಅಡುಗೆಮನೆಯ ಬಾಗಿಲು ತೆರೆಯಿತು. ಸುಪ್ರೀತ್ ನಿಂತಲ್ಲೇ ಬಿಳಿಚಿಕೊಂಡ. ನೆರ್ಮಿನ್ ಓಡಿಹೋಗಿ ಅವನ ಕೊರಳಿಗೆ ಜೋತುಬಿದ್ದಳು. ಅವಳ ಭುಜದ ಮೇಲಿಂದ ಅವನು ಗಾನವಿಯನ್ನು ನೋಡಿ, ಮೆಲ್ಲಗೆ, ಕನ್ನಡದಲ್ಲಿ ಹೇಳಿದ:

"ನಿನ್ನ ಕಾಲಿಗೆ ಬೀಳ್ತೀನಿ, ಈಗೇನೂ ಹೇಳಬೇಡ. ಆಮೇಲೆ ಎಲ್ಲಾ ಹೇಳ್ತೀನಿ."

ಅವನಿಗೆ ಹೆಂಡತಿ ಇದ್ದಾಳೆಂಬುದಕ್ಕಿಂತ ಇದೇ ಹೆಚ್ಚು ಇರಿಯಿತು. ಈ ಪರದೇಶದಲ್ಲಿ ಅವಳಿಗೆ ಮನೆಯಂತಿದ್ದ ಭಾಷೆಯನ್ನು ಅವನು ಹೆಂಡತಿಯ ಬೆನ್ನ ಹಿಂದೆ ಬಚ್ಚಿಟ್ಟುಕೊಳ್ಳುವ ಮೂಲೆಯಾಗಿ ಮಾಡಿಕೊಂಡಿದ್ದ.

ಗಾನವಿ ಎದ್ದು ನಿಂತಳು. ನೆರ್ಮಿನ್‌ಗೆ ಅರ್ಥವಾಗುವಷ್ಟು ನಿಧಾನವಾಗಿ ಇಂಗ್ಲಿಷಿನಲ್ಲಿ ಹೇಳಿದಳು: "ಇವನಿಗೆ ಮದುವೆಯಾಗಿರುವುದು ನನಗೆ ಗೊತ್ತಿರಲಿಲ್ಲ. ನನ್ನನ್ನು ಮದುವೆಯಾಗುತ್ತೇನೆ ಎಂದಿದ್ದಾನೆ."

ನೆರ್ಮಿನ್‌ಳ ತೋಳುಗಳು ಕೆಳಗಿಳಿದವು. ಗಂಡನ ಮುಖ ನೋಡಿದಳು. ಅವನು ಕಣ್ಣು ತಪ್ಪಿಸಿದ. ಅವಳು ಟರ್ಕಿಶಿನಲ್ಲಿ ಒಂದೇ ಮಾತು ಹೇಳಿ ಬಾಗಿಲು ತೋರಿಸಿದಳು. ಅವನು ಹೊರಟುಹೋದ.

ಸಂಜೆಯ ಅತಿಥಿಗಳು ಬರುವ ಹೊತ್ತಾಗುತ್ತಿತ್ತು. ಇಬ್ಬರು ಹೆಂಗಸರೂ ಮೇಜಿಗೆ ಮರಳಿದರು.

ಒಂದು ತಟ್ಟೆ ಮಂತಿ ಮಡಿಸಿದ ಮೇಲೆ ನೆರ್ಮಿನ್ ಕೇಳಿದಳು: "ಅಜ್ಜಿಯ ಕಥೆ ನಿನಗೂ ಹೇಳಿದ್ದನಾ?"

"ಹೂಂ. ಪಕ್ಕದ ಮನೆಯವರು ಅಂದಿದ್ದ."

ನೆರ್ಮಿನ್ ಮೊಣಕೈಯಿಂದ ಕಣ್ಣೊರೆಸಿಕೊಂಡಳು. "ನಮ್ಮಜ್ಜಿಯ ಹೆಸರು ಹಾಜರ್," ಎಂದಳು.