ಮೂಗಿನ ನೌಕರಿ

“ತಲಿಯಾಗಿನ ಹೂ ತೆಗದಿಟ್ಟು ಬರ್ರಿ,” ಎಂದ ಕಾರ್ಖಾನೆಯ ಬಾಗಿಲಲ್ಲಿ ನಿಂತಿದ್ದ ಕಲ್ಮೇಶ.

ಸಿದ್ದಲಿಂಗವ್ವನ ಮುಖ ಕೆಂಪಾಯಿತು. “ಹೆಣ್ಣಮಕ್ಕಳಿಗೆ ಆಡೋ ಮಾತೇನಪಾ ಇದು? ನಾ ಒಳಗ ಬರಂಗಿಲ್ಲ!” ಎಂದವಳೇ ಹೊರಗಿನ ಬೆಂಚಿನ ಮೇಲೆ ಕೂತುಬಿಟ್ಟಳು. ಗಂಡ ಶ್ರೀಶೈಲಪ್ಪ ಮಾತ್ರ ಸದ್ದಿಲ್ಲದೆ ಒಳಗೆ ಹೋದ.

ಮಗಳು ವಿದ್ಯಾವತಿ ಅವ್ವನ ಪಕ್ಕದಲ್ಲೇ ನಿಂತಳು. ಗೋವಾ ನೋಡೋಣ ಎಂದು ಅಪ್ಪ-ಅವ್ವನನ್ನು ಇಂಡಿಯಿಂದ ಹೊರಡಿಸಿ, ಸಮುದ್ರ ತೋರಿಸಿ, ಗುಡಿ ತೋರಿಸಿ, ಈ ವಿಸ್ಕಿ ಕಾರ್ಖಾನೆಗೆ ಕರೆತಂದದ್ದೇ ಈ ಕಲ್ಮೇಶನನ್ನು ತೋರಿಸಲೆಂದು. ಸಿಂದಗಿಯ ಹುಡುಗ, ಜೊತೆಗೆ ಓದಿದವನು. ಇವನೇ ನನ್ನವನು ಎಂದು ಹೇಳಲು ಮಾತ್ರ ಬಾಯಿ ಬಂದಿರಲಿಲ್ಲ. ಊರಿಗೆ ಮರಳಿದೊಡನೆ ಬೇರೆ ಗಂಡು ನೋಡಲು ಬರುವುದಿತ್ತು. ಇವನೋ, ಮೊದಲ ಮಾತಿಗೇ ಎಲ್ಲ ಕೆಡಿಸಿದ್ದ.

ಕಾರ್ಖಾನೆ ನೋಡಲು ಬಂದಿದ್ದ ಉಳಿದವರನ್ನು ಜೊತೆಗೆ ಕೆಲಸ ಮಾಡುವ ಗೆಳೆಯನಿಗೆ ಒಪ್ಪಿಸಿ ಕಲ್ಮೇಶ ಹೊರಗೆ ಬಂದ.

“ತಪ್ಪು ತಿಳಕೋಬ್ಯಾಡ್ರಿ. ನಂದು ಮೂಸಿ ನೋಡೂ ಕೆಲಸ. ಒಂದೊಂದು ಪೀಪಾಯಿಗೂ ಒಂದೊಂದು ವಾಸನಿ. ಮಲ್ಲಿಗಿ ಇದ್ದರ ಏನೂ ತಿಳಿಯಂಗಿಲ್ಲ.”

“ಮೂಸೂದಕ್ಕ ಪಗಾರ ಕೊಡತಾರ?” ಎಂದಳು ಸಿದ್ದಲಿಂಗವ್ವ.

“ಕೊಡತಾರ್ರಿ.”

“ಕುಡಿಯೂದು?”

“ನಾಲಿಗಿಗೆ ಹಚ್ಚಿ ಉಗುಳತೇನ್ರಿ. ಮನ್ಯಾಗ ಬರೇ ಚಾ.”

ಹೇಳುತ್ತಲೇ ಓರೆಗಣ್ಣಿನಲ್ಲಿ ಮಗಳನ್ನು ನೋಡಿದ. ವಿದ್ಯಾವತಿಗೆ ನಗುವೂ ಬಂತು, ಸಂಕಟವೂ ಆಯಿತು. ಫೋನಿನಲ್ಲಿ ಅವನ ದೂರು ಯಾವಾಗಲೂ ಒಂದೇ: ನಿನ್ನ ದನಿ ಬರತೈತಿ, ಮುಖ ಕಾಣತೈತಿ, ನಿನ್ನ ವಾಸನಿ ಮಾತ್ರ ಬರೂದಿಲ್ಲ. ಇಷ್ಟು ದಿನದ ಮೇಲೆ ಎರಡೇ ಮಾರು ದೂರದಲ್ಲಿ ನಿಂತಿದ್ದಾನೆ. ಹೆಸರು ಹಿಡಿದು ಕರೆಯುವಂತಿಲ್ಲ. ಇವನನ್ನು ಬಿಟ್ಟು ಇನ್ನೊಬ್ಬನ ಮುಂದೆ ಚಹಾದ ತಾಟು ಹಿಡಿದು ನಿಲ್ಲುವುದು ತನ್ನಿಂದ ಆಗದು ಎಂದು ಆ ಗಳಿಗೆಯಲ್ಲಿ ಅವಳಿಗೆ ಖಾತ್ರಿಯಾಯಿತು.

ಅವ್ವ ಮಗಳ ಕೈ ನೋಡಿದಳು.

“ವಿದ್ಯಾ, ಕೈಯಾಗೇನೈತಿ ನೋಡಕೋ.”

ಮುಡಿಯಲ್ಲಿದ್ದ ಮಲ್ಲಿಗೆ ದಂಡೆ ಈಗ ಮುಷ್ಟಿಯಲ್ಲಿತ್ತು. ಯಾವಾಗ ತೆಗೆದಳೋ ಅವಳಿಗೇ ಗೊತ್ತಿಲ್ಲ.

“ಹುಟ್ಟಿದಾಗಿಂದ ನನ್ನ ಒಂದು ಮಾತು ಕೇಳಿದಾಕಿ ಅಲ್ಲ. ಇಂವ ಒಮ್ಮೆ ಅಂದ, ತೆಗದುಬಿಟ್ಟಿ. ಯಾವಾಗಿಂದ ನಡದೈತಿ ಇದು?”

“ಕಾಲೇಜಿನಾಗಿಂದ,” ಎಂದಳು ವಿದ್ಯಾವತಿ. “ನಾ ಇಂವನ್ನ ಬಿಟ್ಟು ಯಾರನ್ನೂ ಒಲ್ಲೆ, ಅವ್ವಾ.”

ಅವ್ವ ಕಲ್ಮೇಶನ ಕಡೆ ತಿರುಗಿದಳು. “ಲಗ್ನ ಆದ ಮ್ಯಾಲೂ ಹೂ ತೆಗಿ ಅಂತೀಯೇನು?”

“ಕೆಲಸ ಇಲ್ಲೇ ಮುಗೀತೈತ್ರಿ. ಮನ್ಯಾಗ ಮೂಗಿಗೆ ಸೂಟಿ ರೀ, ಅತ್ತಿ.”

ಆ ‘ಅತ್ತಿ’ಯನ್ನು ಅವಳು ತಿದ್ದಲಿಲ್ಲ. ಸೆರಗು ಸರಿಮಾಡಿಕೊಂಡು ಎದ್ದಳು.

“ಮದಲ ನಿಮ್ಮ ಮಾವನ್ನ ಹೊರಗ ಕರಕೊಂಡು ಬಾರಪಾ. ಅವರು ಬರೇ ಮೂಸಿ ಬಿಡವರಲ್ಲ.”