ಸೊಟ್ಟ ತಗಡು

“ಎರಡೂ ಐವತ್ತೆಂಟಾ?” ಐದನೇ ಕ್ಲಾಸಿನ ಚೂಟಿ ಥರ್ಮಾಮೀಟರ್ ಒರೆಸಿ ಎರಡು ಪೈಪಿನಿಂದ ಬಂದ ನೀರಿಗೂ ಮತ್ತೆ ಅದ್ದಿದಳು. ಮತ್ತೆ ಐವತ್ತೆಂಟೇ ಡಿಗ್ರಿ. ಎರಡೂ ಒಂದೇ ಆಗಬಾರದಿತ್ತು.

ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಅವಳು ತಂದಿದ್ದ ಮಾಡೆಲ್ ಅಂದರೆ ತಣ್ಣೀರಿನ ಟಬ್ಬು, ಅದರೊಳಗೆ ಎರಡು ತಾಮ್ರದ ಪೈಪು. ಎರಡಕ್ಕೂ ಒಂದೇ ಬಿಸಿನೀರು ಹುಯ್ಯಬೇಕು. ಖಾಲಿ ಪೈಪಿನಲ್ಲಿ ನೀರು ನೆಟ್ಟಗೆ ಓಡಿ ಬಿಸಿಯಾಗಿಯೇ ಹೊರಗೆ ಬರುತ್ತದೆ. ಇನ್ನೊಂದರಲ್ಲಿ ಅಮ್ಮ ಇಕ್ಕಳದಿಂದ ತಿರುಚಿದ ತಗಡಿನ ಪಟ್ಟಿ ಇರುತ್ತದೆ. ನೀರು ಅದರ ಸುತ್ತ ಗಿರಗಿರ ತಿರುಗುತ್ತ, ಚೆನ್ನಾಗಿ ಬೆರೆತು, ತನ್ನ ಬಿಸಿಯನ್ನು ಪೈಪಿನ ಗೋಡೆಗೆ ಕೊಟ್ಟು ತಣ್ಣಗಾಗುತ್ತದೆ. ಅಮ್ಮ ಗ್ಯಾರೇಜಿನಲ್ಲಿ, ಗಾಡಿಯ ಎಂಜಿನ್ನನ್ನು ತಣ್ಣಗಿಡುವ ರೇಡಿಯೇಟರ್ ರಿಪೇರಿ ಮಾಡುವವಳು. ಅವಳ ಕಸುಬು ಎಂಥದ್ದು ಅಂತ ಎಲ್ಲರಿಗೂ ಗೊತ್ತಾಗಲಿ ಎಂಬುದೇ ಚೂಟಿಯ ಆಸೆ. ಅರ್ಧ ದಿನ ರಜೆ ಹಾಕಿ ಬಂದ ಅಮ್ಮ ಬಾಗಿಲ ಹತ್ತಿರ ನಿಂತಿದ್ದಳು.

ಅಷ್ಟರಲ್ಲಿ ಬಹುಮಾನ ಕೊಡುವ ಸಾಹೇಬರು ಬಂದೇಬಿಟ್ಟರು. ಅವರ ಹಿಂದೆ ವಿಜ್ಞಾನದ ಮೇಷ್ಟ್ರು.

“ನೋಡಿ ಸರ್, ಎಷ್ಟು ನೀಟಾಗಿದೆ!” ಎಂದರು ಮೇಷ್ಟ್ರು. “ಬೆಳಿಗ್ಗೆ ಈ ಪೈಪಲ್ಲಿ ಯಾವುದೋ ಸೊಟ್ಟ ತಗಡು ಸಿಕ್ಕಾಕ್ಕೊಂಡಿತ್ತು. ನಾನೇ ಎಳೆದು ಡಸ್ಟ್‌ಬಿನ್ನಿಗೆ ಹಾಕ್ದೆ. ಈಗ ನೀರು ಸರಾಗವಾಗಿ ಹೋಗುತ್ತೆ.”

ಸಾಹೇಬರು ಥರ್ಮಾಮೀಟರಿನ ಕಡೆ ತಿರುಗಿಯೂ ನೋಡಲಿಲ್ಲ. ಮೇಜಿನ ಮೇಲೆ ಹಾಸಿದ್ದ ಇಸ್ತ್ರಿ ಮಾಡಿದ ಬಟ್ಟೆಯನ್ನು ಸವರಿ ನೋಡಿದರು. “ಎರಡು ಪೈಪೂ ಒಂದೇ ಸಮ! ಭೇಷ್! ಫಸ್ಟ್ ಪ್ರೈಜ್ ಇದಕ್ಕೇ.”

ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಮೇಷ್ಟ್ರು. ಅಮ್ಮ ಮಾತ್ರ ಕೈ ಕಟ್ಟಿಕೊಂಡು ಟಬ್ಬನ್ನೇ ನೋಡುತ್ತಿದ್ದಳು.

“ಸರ್, ಇದು ಕೆಲ್ಸ ಮಾಡ್ತಿಲ್ಲ,” ಎಂದಳು ಚೂಟಿ. “ಆ ಸೊಟ್ಟ ತಗಡೇ ನನ್ನ ಮಾಡೆಲ್ಲು. ನಮ್ಮಮ್ಮ ಮಾಡಿದ್ದು.”

ಮೇಷ್ಟ್ರ ಮುಖ ಹುಳ್ಳಗಾಯಿತು.

“ಕೆಲ್ಸ ಮಾಡದೇ ಇರೋದಕ್ಕೆ ಪ್ರೈಜ್ ಕೊಡೋಕಾಗಲ್ಲಮ್ಮ,” ಎಂದು ಸಾಹೇಬರು ಅದನ್ನು ಮಿಣಮಿಣ ಲೈಟಿನ ಥರ್ಮಕೋಲ್ ಜ್ವಾಲಾಮುಖಿಗೆ ಕೊಟ್ಟು ಕಾಫಿಗೆ ಹೋದರು. ಜ್ವಾಲಾಮುಖಿಯೂ ಏನೂ ಕೆಲಸ ಮಾಡುತ್ತಿರಲಿಲ್ಲ. ಆದರೆ ಹಾಗಂತ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಚೂಟಿಗೆ ಅಳು ಒತ್ತರಿಸಿ ಬಂತು. ಅಮ್ಮ ಡಸ್ಟ್‌ಬಿನ್ನಿಗೆ ಕೈಹಾಕಿ ತಗಡನ್ನು ಹುಡುಕಿದಳು, ತೊಳೆದು ಪೈಪಿಗೆ ತೂರಿಸಿದಳು.

“ಹುಯ್ಯೇ, ನೋಡೋಣ.”

ಚೂಟಿ ಹುಯ್ದಳು. ಖಾಲಿ ಪೈಪಿನ ನೀರು ಐವತ್ತೆಂಟು. ತಗಡಿನ ಪೈಪಿನದು ನಲವತ್ತಾರು.

“ನಲವತ್ತಾರಾ?”

ಹಿಂದೆ ಮೇಷ್ಟ್ರು ನಿಂತಿದ್ದರು. ಬಿಸಿ ಹೇಗೆ ಹರಿಯುತ್ತದೆ ಎಂಬ ಪ್ರಶ್ನೆಗೆ ಇಡೀ ಕ್ಲಾಸಿನಿಂದ ಹತ್ತು ಸಲ ಉತ್ತರ ಬರೆಸಿದ್ದವರು ಅವರೇ. ಈಗ ಒಂದು ಪೈಪಿನ ನೀರಿಗೆ ಬೆರಳೊಡ್ಡಿ “ಹಾ!” ಎಂದು ಎಳೆದುಕೊಂಡರು, ಇನ್ನೊಂದಕ್ಕೆ ಒಡ್ಡಿ ಹಾಗೇ ನಿಂತುಬಿಟ್ಟರು. ಅವರ ಕಣ್ಣು ಒಂದನೇ ಕ್ಲಾಸಿನವರ ಹಾಗೆ ಅರಳಿತ್ತು.

ಇಷ್ಟು ಹೊತ್ತು ಇವರ ಮೇಲೆ ಹಲ್ಲು ಕಡಿಯುತ್ತಿದ್ದ ಚೂಟಿಗೆ ಈಗ ಪಾಪ ಅನ್ನಿಸಿತು. ಇವರು ಇದನ್ನು ಇವತ್ತೇ ಮೊದಲು ನೋಡುತ್ತಿರುವುದು.

“ಇನ್ನೊಂದ್ಸಲ ಮಾಡಮ್ಮ,” ಎಂದರು ಮೇಷ್ಟ್ರು, ಮೆಲ್ಲಗೆ.

ಚೂಟಿ ಪಕ್ಕಕ್ಕೆ ಸರಿದು ಬಿಸಿನೀರಿನ ಜಗ್ಗನ್ನು ಅವರ ಕೈಗೇ ಕೊಟ್ಟಳು.

“ನೀವೇ ಹುಯ್ಯಿರಿ ಸರ್. ನಿಧಾನ.”