ಮೋಟಾರಿಗೆ ನೀರು ಸಾಲಲಿಲ್ಲ

"ನೀರು ಬಿಟ್ಟೆಯಾ?"

"ಬಿಟ್ಟೆ ಅಪ್ಪಾ!"

"ಫುಲ್ ಬಿಟ್ಟೆಯಾ, ಇಲ್ಲ ಗುಬ್ಬಚ್ಚಿಗೆ ಕುಡಿಸೋ ಹಾಗೆ ಬಿಟ್ಟೆಯಾ?"

"ಫುಲ್ಲೇ ಬಿಟ್ಟಿದ್ದೀನಿ. ಬೇಕಾದ್ರೆ ಬಂದು ನೋಡು!"

ಬುಗುರಿ ನಲ್ಲಿಯ ಹತ್ತಿರದಿಂದ ಒಂದೇ ಜಿಗಿತಕ್ಕೆ ಮೋಟಾರಿನ ಹತ್ತಿರ ಬಂದಳು. ಅವಳಿಗೆ ಬುಗುರಿ ಎಂದು ಹೆಸರಿಟ್ಟವನು ಅಪ್ಪನೇ. ನಿಂತಲ್ಲಿ ನಿಲ್ಲುವ ಹುಡುಗಿಯಲ್ಲ ಅವಳು. ಐದನೇ ಕ್ಲಾಸಿನ ಟೀಚರ್ ಕೂಡ ಹಾಜರಿ ಕೂಗುವಾಗ ಒಮ್ಮೊಮ್ಮೆ ಬಾಯಿತಪ್ಪಿ "ಬುಗುರಿ" ಎಂದುಬಿಡುತ್ತಿದ್ದರು.

ಹಿತ್ತಲಿನಲ್ಲಿ ಮರದ ಸ್ಟ್ಯಾಂಡಿಗೆ ದೋಣಿಯ ಮೋಟಾರನ್ನು ಬಿಗಿಯಾಗಿ ಕಚ್ಚಿಸಿ ನಿಲ್ಲಿಸಲಾಗಿತ್ತು. ಅಪ್ಪ ಬೆಳಗಿನ ಜಾವ ತನ್ನ ಚಿಕ್ಕ ದೋಣಿಯಲ್ಲಿ ಸಮುದ್ರಕ್ಕೆ ಹೋಗಿ ಮಧ್ಯಾಹ್ನ ಮೀನು ತರುತ್ತಿದ್ದ. ಬುಗುರಿ ಸ್ಕೂಲಿನಿಂದ ಬರುವ ಹೊತ್ತಿಗೆ ಮೋಟಾರನ್ನು ಹೆಗಲ ಮೇಲೆ ಹೊತ್ತು ಅವನೂ ಮನೆ ಸೇರುತ್ತಿದ್ದ. ಆಮೇಲೆ ಇಬ್ಬರೂ ಸೇರಿ ಅದನ್ನು ತೊಳೆಯುವುದು. ಓಡುವಾಗ ಸಮುದ್ರದ ನೀರನ್ನೇ ಕುಡಿದು ಮೈ ತಂಪು ಮಾಡಿಕೊಳ್ಳುವ ಯಂತ್ರ ಅದು. ಹೊಟ್ಟೆಯಲ್ಲಿ ಉಳಿದ ಉಪ್ಪನ್ನು ಸಿಹಿನೀರು ಹಾಯಿಸಿ ತೆಗೆಯದಿದ್ದರೆ ಒಳಗೊಳಗೇ ತುಕ್ಕು ಹಿಡಿದು ಕೆಡುತ್ತದೆ.

ಮೋಟಾರಿನ ಕೆಳಗೆ ನೀರಿಗಿಳಿಯುವ ಕಾಲಿನ ಎರಡೂ ಪಕ್ಕ ನೀರು ಹೀರುವ ತೂತುಗಳಿದ್ದವು. ಅವುಗಳ ಮೇಲೆ ಅಪ್ಪ ಎರಡು ರಬ್ಬರ್ ಬಟ್ಟಲುಗಳನ್ನು ಒತ್ತಿ ಕೂರಿಸಿದ್ದ. ನಲ್ಲಿಯ ಪೈಪು ಬಂದು ಸೇರುವುದು ಆ ಬಟ್ಟಲಿಗೆ.

"ನೋಡಪ್ಪಾ, ಮೋಟಾರು ಕಾಲಿಗೆ ಹೆಡ್‌ಫೋನ್ ಹಾಕ್ಕೊಂಡಿದೆ," ಎಂದಳು ಬುಗುರಿ.

"ಕಾಲಲ್ಲೇ ಹಾಡು ಕೇಳುತ್ತೆ ಪಾಪ. ಸರಿ, ಜಡೆ ಮೇಲಕ್ಕೆ ಕಟ್ಕೋ. ದೂರ ನಿಂತ್ಕೋ."

ನೀರನ್ನು ತಳ್ಳಿ ದೋಣಿ ಓಡಿಸುವ ಕೆಳಗಿನ ಫ್ಯಾನನ್ನು ಅಪ್ಪ ಆಗಲೇ ಬಿಚ್ಚಿಟ್ಟಿದ್ದ. ಗೇರು ನ್ಯೂಟ್ರಲ್‌ನಲ್ಲಿದೆಯೇ ಎಂದು ಇನ್ನೊಮ್ಮೆ ನೋಡಿ ಹಗ್ಗ ಎಳೆದ. ಮೋಟಾರು ಕೆಮ್ಮಿ, ಹೊಗೆ ಉಗುಳಿ, ಗುಡುಗುಡು ಎಂದಿತು. ಸ್ವಲ್ಪ ಹೊತ್ತಿಗೆ ಅದರ ಹಿಂದಿನ ಸಣ್ಣ ತೂತಿನಿಂದ ನೀರು ಚಿಮ್ಮಿತು.

"ಸುಸ್ಸು ಬಂತು!" ಬುಗುರಿ ಚಪ್ಪಾಳೆ ತಟ್ಟಿದಳು. ಸುಸ್ಸು ಬಂದರೆ ಒಳಗೆ ನೀರು ಓಡುತ್ತಿದೆ ಎಂದು ಲೆಕ್ಕ.

ಅಷ್ಟರಲ್ಲಿ ಗೇಟಿನ ಹತ್ತಿರ ಹಾರನ್ ಕೇಳಿಸಿತು. ಐಸ್ ಲಾರಿಯವನು ಕರೆಯುತ್ತಿದ್ದ.

"ಒಂದೇ ನಿಮಿಷ ಬಂದೆ," ಎಂದ ಅಪ್ಪ. "ಸುಸ್ಸು ಮೇಲಿಂದ ಕಣ್ಣು ತೆಗೀಬೇಡ. ಸಣ್ಣ ಆಯ್ತೋ, ಈ ಕೆಂಪು ಬಟನ್ ಒತ್ತಿ ಆಫ್ ಮಾಡು. ಯೋಚನೆ ಮಾಡ್ತಾ ನಿಂತ್ಕೋಬೇಡ. ನೀರಿಲ್ದೆ ಓಡಿದ್ರೆ ಇದು ಉಳಿಯಲ್ಲ."

"ಗೊತ್ತಪ್ಪಾ, ದಿನಾ ಹೇಳ್ತೀಯ."

ಬುಗುರಿ ಮೈಯೆಲ್ಲಾ ಕಣ್ಣಾಗಿ ನಿಂತಳು. ಆದರೆ ಅವಳ ಕಣ್ಣು ಸುಸ್ಸಿನಿಂದ ಜಾರಿ ಕೆಳಗೆ ಹೋಯಿತು. ರಬ್ಬರ್ ಬಟ್ಟಲಿನ ಅಂಚಿನಿಂದ ನೀರು ದಬದಬ ಸುರಿಯುತ್ತಿತ್ತು. ಹಿತ್ತಲೆಲ್ಲ ಕೆಸರಾಗಿ, ಉಳಿದದ್ದು ಚರಂಡಿಗೆ ಓಡುತ್ತಿತ್ತು.

ಅವರ ಬೀದಿಗೆ ನೀರು ಬರುವುದೇ ಸಂಜೆ ಒಂದಿಷ್ಟು ಹೊತ್ತು. ಅಮ್ಮನ ಡ್ರಮ್ಮು ಇನ್ನೂ ಅರ್ಧವೂ ತುಂಬಿರಲಿಲ್ಲ. "ನೀರೇನು ಬಿಟ್ಟಿ ಬರುತ್ತಾ? ನಲ್ಲಿ ತಿರುಗಿಸೋಕೆ ಕೈ ನೋಯುತ್ತಾ?" ಎಂದು ಅಮ್ಮ ದಿನಕ್ಕೆ ಎಷ್ಟು ಸಲ ಹೇಳುತ್ತಿದ್ದಳೋ ಲೆಕ್ಕವಿಲ್ಲ. ಬ್ರಷ್ ಮಾಡುವಾಗ ಹೇಳುತ್ತಿದ್ದಳು, ಕೈ ತೊಳೆಯುವಾಗ ಹೇಳುತ್ತಿದ್ದಳು, ನಿದ್ದೆಯಲ್ಲಿ ಕೂಡ ಹೇಳುತ್ತಿದ್ದಳೇನೋ.

ಬುಗುರಿ ಓಡಿಹೋಗಿ ನಲ್ಲಿಯನ್ನು ಅರ್ಧ ತಿರುಗಿಸಿದಳು.

ಬಟ್ಟಲಿನಿಂದ ಸುರಿಯುವುದು ನಿಂತಿತು. ಸುಸ್ಸು ಸಣ್ಣಗಾಯಿತು, ನಿಜ. ಆದರೆ ಅದು ತಾನಾಗಿ ಸಣ್ಣಗಾದದ್ದಲ್ಲವಲ್ಲ, ತಾನೇ ಮಾಡಿದ್ದಲ್ಲವೇ? ಅಪ್ಪ ಹೇಳಿದ್ದು ಇದಕ್ಕಲ್ಲ ಎಂದುಕೊಂಡಳು. ಅಮ್ಮನಿಗೆ ಎಷ್ಟು ನೀರು ಉಳಿಸಿಕೊಟ್ಟೆ ಎಂದು ಅವಳಿಗೆ ಒಳಗೊಳಗೇ ಖುಷಿ.

ಸುಸ್ಸು ದಾರದಷ್ಟಾಯಿತು. ಆಮೇಲೆ ತೊಟ್ಟಿಕ್ಕತೊಡಗಿತು. ಆಮೇಲೆ ಅಲ್ಲಿಂದ ಬಿಳಿ ಹಬೆ ಬಂತು. ಹಬೆಯ ಹಿಂದೆಯೇ ರಬ್ಬರ್ ಸುಟ್ಟ ವಾಸನೆ.

ಬುಗುರಿ ಕೆಂಪು ಬಟನ್ ಒತ್ತಬೇಕೋ ನಲ್ಲಿ ತಿರುಗಿಸಬೇಕೋ ತಿಳಿಯದೆ ನಲ್ಲಿಯ ಕಡೆಗೇ ಓಡಿದಳು. ಅವಳ ಕೈ ನಲ್ಲಿಯ ಮೇಲಿರುವಾಗಲೇ ಮೋಟಾರು ಒಂದು ಸಲ ಕಿರುಚಿ "ಗಕ್" ಎಂದು ನಿಂತಿತು.

ಅಪ್ಪ ಗೇಟಿನಿಂದ ಬಿದ್ದೆನೋ ಎದ್ದೆನೋ ಎಂದು ಓಡಿಬಂದ. ಹಗ್ಗ ಎಳೆದ. ಹಗ್ಗ ಬರಲಿಲ್ಲ. ಎರಡೂ ಕೈಯಿಂದ, ಕಾಲು ಊರಿ ಎಳೆದ. ಅದು ಅಲುಗಾಡಲಿಲ್ಲ.

"ಅಡುಗೆಮನೆ ನಲ್ಲಿ ತೆಗೆದ್ಯಾ?" ಎಂದು ಒಳಗೆ ನೋಡಿ ಕೂಗಿದ. "ಮೋಟಾರಿಗೆ ನೀರು ಕೊಡೋವಾಗ ತೆಗೀಬೇಡ ಅಂತ ಸಾವಿರ ಸಲ ಹೇಳಿಲ್ವಾ?"

ಅಮ್ಮ ಕೈಗಂಟಿದ ಹಿಟ್ಟು ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದಳು. "ನಾನು ಮುಟ್ಟೇ ಇಲ್ಲ ರೀ. ನೋಡಿ ಬೇಕಾದ್ರೆ, ಸಿಂಕು ಒಣಗಿದೆ."

"ಮತ್ತೆ ನೀರೆಲ್ಲಿ ಹೋಯ್ತು? ಆಕಾಶಕ್ಕೆ ಹೋಯ್ತಾ?"

"ನಾನು ತಿರುಗಿಸಿದೆ," ಎಂದಳು ಬುಗುರಿ. ದನಿ ಅವಳಿಗೇ ಕೇಳಿಸಲಿಲ್ಲ. ಮತ್ತೊಮ್ಮೆ ಹೇಳಿದಳು. "ನಲ್ಲಿ ನಾನೇ ತಿರುಗಿಸಿದೆ ಅಪ್ಪಾ. ನೀರು ಸುಮ್ನೆ ಹಾಳಾಗ್ತಿತ್ತು."

ಅಪ್ಪ ಅವಳನ್ನು ನೋಡಿದ. ಅಮ್ಮನೂ ನೋಡಿದಳು. ಅಮ್ಮ ತನ್ನ ನೀರಿನ ಡ್ರಮ್ಮಿನ ಕಡೆ ತಿರುಗಿ, ಸೆರಗಿನ ತುದಿ ಹಿಡಿದು ನಿಂತುಬಿಟ್ಟಳು.

ಈಗ ಬೈಗುಳ ಬೀಳುತ್ತದೆ ಎಂದು ಬುಗುರಿ ಕಣ್ಣು ಮುಚ್ಚಿಕೊಂಡಳು. ಕಿವಿ ಹಿಂಡಿದರೂ ಹಿಂಡಬಹುದು. ಆದರೆ ಏನೂ ಬೀಳಲಿಲ್ಲ. ಕಣ್ಣು ಬಿಟ್ಟಾಗ ಅಪ್ಪ ಸ್ಟ್ಯಾಂಡಿನ ಪಕ್ಕದ ಕೆಸರಿನಲ್ಲೇ ಕುಕ್ಕರಗಾಲಿನಲ್ಲಿ ಕೂತಿದ್ದ.

ಕತ್ತಲಾಗುವ ಮೊದಲೇ ಸ್ಪ್ಯಾನರ್ ಮಾವ ಬಂದರು. ಊರಿನ ಮೋಟಾರುಗಳನ್ನೆಲ್ಲ ರಿಪೇರಿ ಮಾಡುವವರು ಅವರು. ಮದುವೆ ಮನೆಗೂ ಸ್ಪ್ಯಾನರ್ ಜೇಬಿನಲ್ಲಿಟ್ಟುಕೊಂಡೇ ಹೋಗುತ್ತಾರೆ ಎಂದು ಎಲ್ಲರೂ ನಗುತ್ತಿದ್ದರು. ಇವತ್ತು ಯಾರೂ ನಗಲಿಲ್ಲ.

ಅವರು ಒಂದೊಂದೇ ನಟ್ಟು ಬಿಚ್ಚಿದರು. ಒಳಗಿನಿಂದ ಕರಗಿ ಮುದ್ದೆಯಾದ ಕಪ್ಪು ತುಂಡೊಂದನ್ನು ತೆಗೆದು ಅಂಗೈಯಲ್ಲಿಟ್ಟು ತೋರಿಸಿದರು. "ನೀರೆತ್ತೋ ರಬ್ಬರ್ ಚಕ್ರ ಇದು. ಇಷ್ಟೇ ಆಗಿದ್ರೆ ಬೇರೆ ಹಾಕ್ತಿದ್ದೆ."

"ಮತ್ತೇನಾಗಿದೆ?" ಎಂದ ಅಪ್ಪ.

"ಬಿಸಿಗೆ ಪಿಸ್ಟನ್ ಒಳಗೇ ಕಚ್ಚಿ ಹಿಡ್ಕೊಂಡಿದೆ. ಸಿಲಿಂಡರೂ ಗೀರುಬಿದ್ದಿದೆ. ಹಳೇ ಮಾಡೆಲ್ಲು ಇದು, ಪಾರ್ಟ್ಸ್ ಬರೋದೇ ನಿಂತುಹೋಗಿದೆ. ಸುಳ್ಳು ಹೇಳಿ ನಿಮಗೆ ಆಸೆ ಹುಟ್ಟಿಸಲ್ಲ."

"ಏನೂ ಮಾಡೋಕಾಗಲ್ವಾ ಮಾವಾ?" ಬುಗುರಿ ಕೇಳಿದಳು.

ಸ್ಪ್ಯಾನರ್ ಮಾವ ಅವಳ ತಲೆ ಸವರಿದರು. ಅವರು ತಲೆ ಸವರಿದ್ದಕ್ಕೆ ಅವಳಿಗೆ ಅಳು ಉಕ್ಕಿಬಂತು. ಬಿಚ್ಚಿದ ನಟ್ಟುಗಳನ್ನು ಒಂದು ಡಬ್ಬಿಗೆ ಹಾಕಿಕೊಟ್ಟು ಅವರು ಹೊರಟುಹೋದರು.

ಊಟದ ಹೊತ್ತಿನಲ್ಲಿ ಅಪ್ಪ ತಟ್ಟೆ ನೋಡುತ್ತಲೇ ಹೇಳಿದ. "ದೊಡ್ಡ ಬೋಟಿಗೆ ಹೋಗ್ತೀನಿ. ಶನಿವಾರ ಹೊರಡುತ್ತಂತೆ. ಆಳು ಬೇಕಂತೆ ಅವರಿಗೆ."

ಅಮ್ಮನ ಕೈ ಬಾಯಿಗೆ ಹೋಗದೆ ನಡುವೆಯೇ ನಿಂತಿತು. "ದೊಡ್ಡ ಬೋಟು ಅಂದ್ರೆ ತಿಂಗಳುಗಟ್ಟಲೆ ಮನೆ ಕಡೆ ಬರೋ ಹಾಗಿಲ್ಲ."

"ಮತ್ತೇನು ಮಾಡ್ಲಿ ಹೇಳು. ಹೊಸ ಮೋಟಾರಿಗೆ ದುಡ್ಡೆಲ್ಲಿದೆ?"

ಅಮ್ಮ ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು. ಬುಗುರಿ ಅನ್ನವನ್ನು ತಟ್ಟೆಯ ಅಂಚಿಗೆ ಸರಿಸಿದಳು.

ಅವಳ ಬೆಂಚಿನಲ್ಲಿ ಪಕ್ಕಕ್ಕೆ ಕೂರುವ ಗೆಳತಿಯ ಅಪ್ಪನೂ ದೊಡ್ಡ ಬೋಟಿನಲ್ಲೇ ಇದ್ದರು. ಆ ಗೆಳತಿ ತನ್ನ ಅಪ್ಪನನ್ನು ನೋಡಿದ್ದಕ್ಕಿಂತ ಫೋನಿನಲ್ಲಿ ಕೇಳಿದ್ದೇ ಹೆಚ್ಚು. ಮಾರನೆಯ ದಿನ ಬುಗುರಿ ಅವಳಿಗೆ ಎಲ್ಲವನ್ನೂ ಹೇಳಿದಳು.

"ನಿಮ್ಮಪ್ಪ ಹೊಡೆದ್ರಾ?"

"ಇಲ್ಲ."

"ಬೈದ್ರಾ?"

"ಇಲ್ವೇ."

"ಅಯ್ಯೋ, ಲಕ್ಕಿ ಕಣೇ ನೀನು!" ಎಂದಳು ಗೆಳತಿ. ಆಮೇಲೆ ಬುಗುರಿಯ ಮುಖ ನೋಡಿ ದನಿ ತಗ್ಗಿಸಿದಳು. "ಮೊದಮೊದಲು ಕಷ್ಟ ಆಗುತ್ತೆ. ಆಮೇಲೆ ಅವರಿಲ್ದೇ ಇರೋದು ಅಭ್ಯಾಸ ಆಗುತ್ತೆ ಬಿಡು."

ಬುಗುರಿಗೆ ಅಭ್ಯಾಸವಾಗುವುದು ಬೇಕಿರಲಿಲ್ಲ. ಆ ದಿನ ಟೀಚರ್ ಎರಡು ಸಲ ಅವಳ ಕಡೆ ತಿರುಗಿ ನೋಡಿದರು. ಹುಡುಗಿ ಕೂತಲ್ಲಿಂದ ಅಲುಗಾಡಿಯೇ ಇರಲಿಲ್ಲ.

ಶುಕ್ರವಾರ ಅವಳು ಸ್ಕೂಲಿನಿಂದ ಬಂದಾಗ ಅಪ್ಪ ನೆಲದ ಮೇಲೆ ಕೂತು ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದ. ಮಡಚಿ ಇಟ್ಟ ಶರ್ಟನ್ನು ತೆಗೆದು ಮತ್ತೆ ಮಡಚಿದ. ಕಂಬಳಿ ಹಾಕಿದ, ತೆಗೆದ, ಮತ್ತೆ ಹಾಕಿದ.

"ಟವೆಲ್ ಎರಡು ಸಾಕಾ?" ಎಂದು ಒಳಗೆ ಕೇಳಿದ.

"ಆಗ್ಲೇ ಹೇಳಿದ್ನಲ್ಲಾ, ಸಾಕು," ಎಂದಳು ಅಮ್ಮ ಒಳಗಿನಿಂದ. ಅವಳು ಈಚೆಗೆ ಬರಲಿಲ್ಲ.

ಬುಗುರಿ ಬಾಗಿಲಿಗೆ ಒರಗಿ ನಿಂತಳು. ಇಷ್ಟು ದಿನ ಒಳಗೆ ಇಟ್ಟುಕೊಂಡದ್ದು ಈಚೆಗೆ ಬಂತು. "ಅಪ್ಪಾ, ನಂಗೆ ಒಂದ್ಸಲ ಬೈದುಬಿಡು. ಜೋರಾಗಿ ಬೈದುಬಿಡು."

"ಬೈಯೋಕೆ ಪುರುಸೊತ್ತೆಲ್ಲಿದೆ ಕಣೇ?" ಅಪ್ಪ ನಗಲು ನೋಡಿದ. ನಗು ಬರಲಿಲ್ಲ. ಶರ್ಟನ್ನು ಮತ್ತೊಮ್ಮೆ ಬಿಡಿಸಿ ತೊಡೆಯ ಮೇಲೆ ಹರಡಿಕೊಂಡ. ಆಮೇಲೆ ಕೇಳಿದ. "ಬುಗುರೀ, ನಿನ್ನನ್ನ ಸ್ಕೂಲಿಗೆ ಸೇರಿಸಿದ ದಿನ ನೀನು ಯಾರ ಪಕ್ಕ ಕೂತಿದ್ದೆ?"

"ಯಾರ ಪಕ್ಕನೂ ಇಲ್ಲ. ಹಿಂದಿನ ಬೆಂಚಲ್ಲಿ ಒಬ್ಬಳೇ ಕೂತಿದ್ದೆ."

"ಅತ್ತಿದ್ಯಾ?"

"ಹೂಂ. ಊಟದ ಬೆಲ್ ಹೊಡೆಯೋವರೆಗೂ."

"ಆಮೇಲೆ?"

"ಆಮೇಲೆ ಒಬ್ಬಳು ಬಂದು ಪೆನ್ಸಿಲ್ ಕೇಳಿದ್ಳು."

"ಓಹೋ," ಎಂದ ಅಪ್ಪ. ಪರೀಕ್ಷೆಗೆ ಬಾಯಿಪಾಠ ಮಾಡುವವನ ಹಾಗೆ ತಲೆಯಾಡಿಸಿದ. "ದೊಡ್ಡ ಬೋಟಲ್ಲಿರೋರೆಲ್ಲಾ ಚಿಕ್ಕ ವಯಸ್ಸಿನ ಹುಡುಗ್ರಂತೆ. ದೊಡ್ಡ ಬಲೆ ಎಳೆಯೋದು ನಂಗೆ ಗೊತ್ತಿಲ್ಲ. ಏನಂತಾರೋ."

ಬುಗುರಿ ಅಪ್ಪನ ಕೈ ನೋಡಿದಳು. ಅಷ್ಟು ಭಾರದ ಮೋಟಾರನ್ನು ಹೊತ್ತು ತರುತ್ತಿದ್ದ ಕೈಗೆ ಒಂದು ಶರ್ಟು ಮಡಚಲು ಬರುತ್ತಿರಲಿಲ್ಲ. ಅಪ್ಪ ಬೈಯದೆ ಇದ್ದದ್ದು ಸಿಟ್ಟಿನಿಂದ ಎಂದೇ ಅವಳು ಇಷ್ಟು ದಿನ ತಿಳಿದಿದ್ದಳು. ಸಿಟ್ಟು ಅಲ್ಲವೇ ಅಲ್ಲ. ಅಪ್ಪನಿಗೆ ಹೆದರಿಕೆಯಾಗಿತ್ತು.

ಬೈಯಿ ಎಂದು ಅವಳು ಮತ್ತೆ ಕೇಳಲಿಲ್ಲ. ಚೀಲ ಕಳಚಿ ಗೋಡೆಗೆ ಒರಗಿಸಿದಳು. ಅಪ್ಪನ ಕೈಯಿಂದ ಶರ್ಟು ತೆಗೆದುಕೊಂಡು, ಅವನಿಗೆ ಆತುಕೊಂಡು ಪಕ್ಕದಲ್ಲಿ ಕೂತಳು.